ಬೆರಳು ತೆಳುವಾದ ಮೇಲೆ ಹಿಡಿತ ಬಂತು

ತುಂಬಿದ ಆರು ಅರ್ಧ ಲೀಟರ್ ಬಾಟಲಿಗಳು, ಅವುಗಳ ಕುತ್ತಿಗೆಗಳನ್ನು ತನ್ನ ಆರು ತೂತುಗಳಲ್ಲಿ ಹಿಡಿದು ಒಟ್ಟಿಗೆ ಎತ್ತುವ, ಸುಮಾರು 40 ಗ್ರಾಂ ತೂಕದ ಒಂದು ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ತಟ್ಟೆ, ಅದರ ಹಿಡಿಕೆಯಲ್ಲಿ ನನ್ನ ಕೈ. ಮೆಟ್ಟಿಲು ಹತ್ತಿ ಇಳಿದದ್ದಾಯಿತು, ಕಾರಿನ ಡಿಕ್ಕಿಯಲ್ಲಿ ಕುಲುಕಿಸಿದ್ದಾಯಿತು, ಐನೂರಕ್ಕೂ ಹೆಚ್ಚು ಸಲ ಹಾಕಿ ತೆಗೆದದ್ದಾಯಿತು. ತೂತುಗಳ ಸುತ್ತ ಬಾಟಲಿಯನ್ನು ಹಿಡಿಯುವ ಪ್ಲಾಸ್ಟಿಕ್ ಬೆರಳುಗಳಲ್ಲಿ ಒಂದೂ ಮುರಿದಿಲ್ಲ. ‘ಹತ್ತು ಸಲಕ್ಕೆ ಸಡಿಲವಾಗುತ್ತದೆ, ಇದು ಬಿಸಾಡುವ ಸಾಮಾನೇ ಹೊರತು ಮತ್ತೆ ಮತ್ತೆ ಬಳಸುವಂಥದ್ದಲ್ಲ’ ಎಂದು ಅಚ್ಚು ಮಾಡಿಕೊಟ್ಟವರೇ ನನಗೆ ಬುದ್ಧಿ ಹೇಳಿದ್ದರು. ಹಾಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಆರಿಸಿಕೊಂಡದ್ದು 28 ಮಿ.ಮೀ. ಬಾಯಿಯ ಪೆಟ್ ಬಾಟಲಿ. ಮುಚ್ಚಳದ ಕೆಳಗಿರುವ ಉಂಗುರದ ಹೊರ ವ್ಯಾಸ 33 ಮಿ.ಮೀ.; ಅದರ ಕೆಳಗೆ ಕುತ್ತಿಗೆ 26ರ ಆಸುಪಾಸು. ಬಾಟಲಿ ಬಾಯಿಯ ಮಾದರಿ ಹಳೆಯ ಪಿಸಿಒ 1810 ಇರಲಿ, ಗಿಡ್ಡ ಬಾಯಿಯ 1881 ಇರಲಿ, ಉಂಗುರ ಅದೇ ಅಳತೆ. ಮುಚ್ಚಳವನ್ನು ನಂಬದೆ ಉಂಗುರವನ್ನು ನಂಬಿದ್ದು ಈ ಕಾರಣಕ್ಕೆ. ಪ್ರತಿ ತೂತಿನ ಸುತ್ತ ಆರು ಬೆರಳುಗಳು, ಎಲ್ಲವೂ ಒಳಮುಖವಾಗಿ ಮೇಲಕ್ಕೆ ಓರೆಯಾಗಿವೆ. ತಟ್ಟೆಯನ್ನು ಮೇಲಿನಿಂದ ಒತ್ತಿದರೆ ಉಂಗುರ ಬೆರಳುಗಳನ್ನು ಎತ್ತಿಕೊಂಡು ದಾಟುತ್ತದೆ. ಬಾಟಲಿ ಜೋತುಬಿದ್ದಾಗ ಅದೇ ಉಂಗುರ ಬೆರಳುಗಳ ತುದಿಯನ್ನು ಕೆಳಕ್ಕೆ ತಳ್ಳಿ ತೂತನ್ನು ಕಿರಿದು ಮಾಡುತ್ತದೆ. ಭಾರ ಹೆಚ್ಚಿದಷ್ಟೂ ಹಿಡಿತ ಬಿಗಿ.

ಕಾಗದದ ಮೇಲೆ ಇದು ಮೊದಲ ದಿನವೇ ಸರಿಯಾಗಿತ್ತು. ಕೆಟ್ಟದ್ದು ದಪ್ಪದ ಲೆಕ್ಕ.

ಮೊದಲ ಉಕ್ಕಿನ ಅಚ್ಚಿನಲ್ಲಿ ಬೆರಳು 2 ಮಿ.ಮೀ. ದಪ್ಪ, 12 ಮಿ.ಮೀ. ಉದ್ದ ಇತ್ತು. ಐದಾರು ಸಲ ಹಾಕಿ ತೆಗೆಯುವಷ್ಟರಲ್ಲಿ ಬುಡ ಬೆಳ್ಳಗಾಯಿತು, ಇಪ್ಪತ್ತರ ಹೊತ್ತಿಗೆ ಸೀಳಿತು. ಕೇಳಿದವರೆಲ್ಲರೂ ಹೇಳಿದ್ದು ಒಂದೇ ಮಾತು: ದಪ್ಪ ಮಾಡಿ. ಅಚ್ಚಿನಿಂದ ಉಕ್ಕು ಕೆರೆದರೆ ಸಾಕು, ಸುಲಭದ ಕೆಲಸ. 2.5ಕ್ಕೆ ಏರಿಸಿದೆ. ಹನ್ನೆರಡನೆಯ ಸಲಕ್ಕೇ ಸೀಳಿತು. ಆಗ ಮೊದಲೇ ಕೂತು ಹಾಕಬೇಕಿದ್ದ ಲೆಕ್ಕವನ್ನು ಹಾಕಿದೆ. ಉಂಗುರ ದಾಟಲು ಪ್ರತಿ ಬೆರಳು ಸುಮಾರು 3.5 ಮಿ.ಮೀ. ಬಾಗಲೇಬೇಕು. 2 ಮಿ.ಮೀ. ದಪ್ಪ, 12 ಉದ್ದಕ್ಕೆ ಬುಡದಲ್ಲಿ ಶೇ 7ಕ್ಕೂ ಹೆಚ್ಚು ಎಳೆತ; 1.2 ದಪ್ಪ, 15 ಉದ್ದಕ್ಕೆ ಶೇ 3ರೊಳಗೆ. ಒಮ್ಮೆ ಬಳಸಿ ಎಸೆಯುವುದಾದರೆ ಪಿಪಿ ಆ ಏಳನ್ನೂ ಸಹಿಸುತ್ತದೆ, ದಿನವೂ ಸಹಿಸುವುದಿಲ್ಲ.

ಆದರೆ ಬೆರಳು ತೆಳುವಾಗಬೇಕಾದರೆ ಅಚ್ಚಿಗೆ ಉಕ್ಕು ಸೇರಿಸಬೇಕು. ಹಣ ಮುಳುಗಿದ್ದು ಇಲ್ಲಿ. ಬೆಸುಗೆ ಹಾಕಿಸಿದೆ, ಅಚ್ಚು ಸೊಟ್ಟಗಾಯಿತು, ಎಲ್ಲ ಕಡೆ ಫ್ಲಾಶ್ (ಅಚ್ಚಿನ ಸಂದಿನಿಂದ ಹೊರಬರುವ ತೆಳು ಪ್ಲಾಸ್ಟಿಕ್ ಅಂಚು) ಬಂತು. ಎಂಟು ತಿಂಗಳು ಕೂಡಿಟ್ಟ ಹಣದ ಅಚ್ಚು ಮೂಲೆ ಸೇರಿತು. ಎರಡನೆಯದನ್ನು ಅಲ್ಯೂಮಿನಿಯಂನಲ್ಲಿ ಮಾಡಿಸಿದೆ. ಪ್ರತಿ ತೂತಿಗೂ ಬಿಚ್ಚಿ ತೆಗೆಯಬಹುದಾದ ದುಂಡು ಇನ್ಸರ್ಟ್, ಅಂದರೆ ಅಚ್ಚಿನೊಳಗೆ ಕೂರಿಸುವ ಬಿಡಿ ತುಂಡು, ಆರೂ ಒಂದೇ ಅಳತೆ. ಖರ್ಚು ಮೊದಲನೆಯದರ ಅರ್ಧಕ್ಕಿಂತ ಕಡಿಮೆ. ಬೆರಳಿನ ಅಳತೆಯನ್ನು ಆಮೇಲೆ ನಾಲ್ಕು ಸಲ ಬದಲಿಸಿದೆ. ನಾಲ್ಕೂ ಸಲ ಲೇತ್ ಕೂಲಿ ಬಿಟ್ಟರೆ ಬೇರೆ ದೊಡ್ಡ ಖರ್ಚು ಬರಲಿಲ್ಲ.

ದುಂಡು ಇನ್ಸರ್ಟ್ ಇನ್ನೊಂದು ಕಡೆಯೂ ನನ್ನನ್ನು ಕಾಪಾಡಿತು. ಗೇಟ್, ಅಂದರೆ ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ಬರುವ ಬಾಯಿ, ತಟ್ಟೆಯ ನಡುವೆ ಇರುವುದರಿಂದ ಕರಗಿದ ಪಿಪಿ ಪ್ರತಿ ತೂತನ್ನೂ ಎರಡು ಕಡೆಯಿಂದ ಸುತ್ತಿ ಆಚೆ ಬದಿಯಲ್ಲಿ ಕೂಡುತ್ತದೆ. ಅಲ್ಲಿ ವೆಲ್ಡ್ ಲೈನ್, ಅಂದರೆ ಎರಡು ಹರಿವು ಕೂಡಿದ ದುರ್ಬಲ ಗೆರೆ, ತಪ್ಪುವುದಿಲ್ಲ. ನನ್ನ ತಟ್ಟೆಯಲ್ಲಿ ಆ ಗೆರೆ ಎರಡು ಬೆರಳುಗಳ ನಡುವಿನ ಸೀಳಿನ ಕೊನೆಗೇ ನೇರವಾಗಿ ಬಂದು ನಿಂತಿತ್ತು. ಬಿರುಕು ಸೀಳಿನಿಂದ ಹೊರಟು ಅಂಚಿನವರೆಗೆ ಓಡುತ್ತಿತ್ತು. ಗೇಟ್ ಬದಲಿಸಿ, ಇನ್ನೆರಡು ಗೇಟ್ ಸೇರಿಸಿ ಎಂಬ ಸಲಹೆಗಳು ಬಂದವು. ನಾನು ಇನ್ಸರ್ಟ್‌ಗಳನ್ನು 30 ಡಿಗ್ರಿ ತಿರುಗಿಸಿದೆ, ಅಷ್ಟೇ. ಈಗ ಗೆರೆ ಬೆರಳಿನ ಬುಡದ ನಡುಮಧ್ಯಕ್ಕೆ ಬೀಳುತ್ತದೆ. ಬೆರಳಿನ ಬಾಗು ಗೆರೆಯ ಉದ್ದಕ್ಕೇ ಎಳೆಯುವುದರಿಂದ ಗೆರೆ ಬಾಯಿ ಬಿಡುವುದಿಲ್ಲ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಹೆಮ್ಮೆ ಇರುವುದು ಈ ತಿರುವಿನ ಬಗ್ಗೆ. 3ಡಿ ಪ್ರಿಂಟ್ ಮಾಡಿದ ಮಾದರಿಗಳಲ್ಲಿ ಇದರ ಸುಳಿವೇ ಸಿಕ್ಕಿರಲಿಲ್ಲ. ಅಲ್ಲಿ ಬೆರಳು ಪದರ ಪದರವಾಗಿ ಮುರಿಯುತ್ತದೆ, ಅಚ್ಚಿನ ಕಾಯಿಲೆಗಳು ಅದಕ್ಕೆ ಇರುವುದಿಲ್ಲ.

ಹಿಡಿಕೆಯ ಮಾತು ಚಿಕ್ಕದು. ನಡುವಿನ ಒಂದೇ ಕಡೆಯಿಂದ ಎತ್ತಿದರೆ ತಟ್ಟೆ ಕಮಾನಾಗುತ್ತದೆ, ತುದಿಯ ನಾಲ್ಕು ಬಾಟಲಿಗಳು ಓರೆಯಾಗಿ ಜಾರುತ್ತವೆ. ಹಿಡಿಕೆಯ ಎರಡು ಕಾಲುಗಳನ್ನು ಬಾಟಲಿಗಳ ನಡುವಿನ ಸಂದುಗಳಿಗೆ ಸರಿಸಿ, ಅಂಚಿನ ಸುತ್ತ ಕೆಳಮುಖದ ಏಣು ಕೊಟ್ಟೆ. ಹಿಡಿಯುವ ಭಾಗ 8 ಮಿ.ಮೀ. ಅಗಲ ಇದ್ದಾಗ ಕೈಬೆರಳು ಕುಯ್ಯುತ್ತಿತ್ತು. 20ಕ್ಕೆ ತಂದ ಮೇಲೆ ಆ ದೂರು ನಿಂತಿತು.

ಬಾಟಲಿ ತೆಗೆಯುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ನೇರ ಕೆಳಗೆಳೆದರೆ ತೂಗುತಕ್ಕಡಿಯಲ್ಲಿ 12 ಕಿಲೋ ದಾಟಿದರೂ ಬಿಡುವುದಿಲ್ಲ. ಹೊರಗಿನ ಬದಿಗೆ ಓರೆ ಮಾಡಿದರೆ ಮಗುವೂ ತೆಗೆಯಬಹುದು. ಆರರಲ್ಲಿ ಒಂದು ಬೆರಳು ಉಳಿದವುಗಳಂತಿಲ್ಲ ಎಂದಷ್ಟೇ ಹೇಳುತ್ತೇನೆ. ಅದರ ತುದಿಯ ಆಕಾರವನ್ನೂ ಸೀಳಿನ ಕೊನೆಯ ದುಂಡಿನ ಅಳತೆಯನ್ನೂ ಇಲ್ಲಿ ಬರೆಯುವುದಿಲ್ಲ. ಎರಡು ವರ್ಷ ಅದಕ್ಕೇ ಹೋಗಿದೆ.

ಸಾಮಗ್ರಿಯಲ್ಲೂ ಒಂದು ಸುತ್ತು ಸೋತೆ. ಮೊದಲು ಹೋಮೋಪಾಲಿಮರ್ (ಬೇರೇನೂ ಬೆರೆಸದ) ಪಿಪಿ ಹಾಕಿದ್ದೆ. ಫ್ರೀಜರ್‌ನಿಂದ ತೆಗೆದು ನೆಲಕ್ಕೆ ಬೀಳಿಸಿದಾಗ ಗಾಜಿನಂತೆ ಒಡೆಯಿತು. ಪೆಟ್ಟು ತಾಳುವ ಪಿಪಿ ಬಗೆಯಾದ ಇಂಪ್ಯಾಕ್ಟ್ ಕೋಪಾಲಿಮರ್‌ಗೆ ಬದಲಾದ ಮೇಲೆ ಆ ಚಿಂತೆ ಇಲ್ಲ. ನಡುವೆ ಬಾಟಲಿಯ ಹಳೆಯ ಮುಚ್ಚಳಗಳನ್ನೇ ಕರಗಿಸಿ ತಟ್ಟೆ ಒತ್ತಿ ನೋಡುವ ಆಸೆ ಹುಟ್ಟಿತು. ಎರಡು ಚೀಲ ಮುಚ್ಚಳ ಕೂಡಿಸಿದೆ. ಅವುಗಳಲ್ಲಿ ಎಚ್‌ಡಿಪಿಇ (ಇನ್ನೊಂದು ಬಗೆಯ ಪ್ಲಾಸ್ಟಿಕ್), ಪಿಪಿ ಎರಡೂ ಬೆರೆತಿದ್ದವು; ಒಂದಕ್ಕೊಂದು ಹೊಂದದೆ ಹಾಳೆ ಪದರ ಬಿಟ್ಟಿತು. ಬಣ್ಣ ಮಾತ್ರ ಬಹಳ ಚೆನ್ನಾಗಿತ್ತು, ಆ ತುಂಡನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಕ್ರೌನ್ ಮುಚ್ಚಳದ (ಅಂಚು ನೆರಿಗೆಯಾದ ತಗಡಿನ ಮುಚ್ಚಳ) ಗಾಜಿನ ಬಾಟಲಿಯನ್ನೂ ಹಿಡಿಸಿ ನೋಡಿದೆ. ಅಗಲವಾದ ಉಂಗುರವಿಲ್ಲ, ಬಾಟಲಿಗಳು ಒಂದಕ್ಕೊಂದು ಬಡಿಯುತ್ತವೆ. ಕೈಬಿಟ್ಟೆ.

ಕೊನೆಯದಾಗಿ ಕ್ರೀಪ್, ಅಂದರೆ ಭಾರ ಹೊತ್ತೇ ಇದ್ದರೆ ಪ್ಲಾಸ್ಟಿಕ್ ನಿಧಾನವಾಗಿ ಬಾಗುವುದು. ಆರು ಬಾಟಲಿಗಳನ್ನು ಮೂರು ವಾರ ಮೊಳೆಗೆ ನೇತುಹಾಕಿದ್ದೆ. ಬೆರಳುಗಳು ಕೆಳಕ್ಕೆ ಅರ್ಧ ಮಿ.ಮೀ.ನಷ್ಟು ಕೂತವು, ಬಾಟಲಿ ತೆಗೆದ ಮಾರನೆಯ ದಿನ ಬಹುಪಾಲು ಹಿಂದಕ್ಕೆ ಬಂದವು. ಉಳಿದ ಆ ಸಣ್ಣ ವ್ಯತ್ಯಾಸ ಹಿಡಿತವನ್ನು ಸಡಿಲಿಸುವ ಬದಲು ಇನ್ನಷ್ಟು ಬಿಗಿ ಮಾಡಿದೆ. ಈಗ ನಾಲ್ಕು ಬಾಟಲಿಯ ತಟ್ಟೆಗೆ ಕೈಹಾಕಿದ್ದೇನೆ. ಇನ್ಸರ್ಟ್‌ಗಳು ಇವೇ, ಹೊಸದಾಗಿ ಕೊರೆಸಬೇಕಾದದ್ದು ಹೊರಗಿನ ಚೌಕಟ್ಟು ಮಾತ್ರ.