ಯುದ್ಧದ ನಾಯಿ ಯಾವ ತಳಿ? ಹೆಸರಿಡುವ ಮೊದಲು ಅಳತೆ ಹಿಡಿಯಿರಿ

ಕೇನ್ ಕೋರ್ಸೊ ಅಥವಾ ಮಾಸ್ಟಿಫ್‌ನಂಥ ಭಾರೀ ನಾಯಿಯ ಮರಿ ಕೊಳ್ಳಲು ಹೋದರೆ ಮಂಗಳೂರಾಗಲಿ ಉಡುಪಿಯಾಗಲಿ, "ಇದು ರೋಮನ್ ಸೈನ್ಯದ ನಾಯಿ" ಎಂಬ ಮಾತು ಬಂದೇ ಬರುತ್ತದೆ. ಕಾಲೇಜಿನ ಇತಿಹಾಸ ಸಂಘದ ಪೋಸ್ಟರಿನಲ್ಲೂ ಅದೇ ಸಾಲು. ಅದನ್ನು ಒರೆಗೆ ಹಚ್ಚಲು ಒಂದು ಕ್ರಮವಿದೆ: ಮೊದಲು ನಾಯಿಯ ಕೆಲಸ, ಆಮೇಲೆ ಎತ್ತರ, ಕೊನೆಗೆ ತಳಿ. ಹೆಚ್ಚಿನ ಸಲ ಮೂರನೆಯದರವರೆಗೆ ಹೋಗಲಿಕ್ಕೇ ಆಗುವುದಿಲ್ಲ.

ಬರಹ ಸಿಕ್ಕಿದರೆ ಅದರ ಕ್ರಿಯಾಪದಕ್ಕೆ ಗೆರೆ ಎಳೆಯಿರಿ. ನಾಯಿ ಕಾದಿತೋ, ಕಾವಲು ನಿಂತಿತೋ, ಬರೀ ಜೊತೆಗೆ ಹೋಯಿತೋ? ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಪ್ರಕಾರ ಪರ್ಷಿಯಾದ ಅರಸ ಕ್ಸೆರ್ಕ್ಸೆಸನ ದಂಡಿನ ಹಿಂದೆ ಲೆಕ್ಕವಿಲ್ಲದಷ್ಟು ಭಾರತದ ನಾಯಿಗಳಿದ್ದವು. ಬಾಬಿಲೋನಿನಲ್ಲಿ ಇಂಥ ನಾಯಿಗಳಿಗೆ ಅನ್ನ ಹಾಕುವುದಕ್ಕೆಂದೇ ನಾಲ್ಕು ದೊಡ್ಡ ಊರುಗಳಿಗೆ ಉಳಿದ ತೆರಿಗೆ ಮಾಫಿ. ಆದರೆ ಅವು ಕಾದಿದವೆಂದು ಅವನು ಎಲ್ಲೂ ಹೇಳುವುದಿಲ್ಲ. ಕ್ರಿ.ಪೂ. 4ನೇ ಶತಮಾನದ ಗ್ರೀಕ್ ಯುದ್ಧತಂತ್ರದ ಬರಹಗಾರ ಈನಿಯಾಸ್ ಟ್ಯಾಕ್ಟಿಕಸ್ ಹೇಳುವುದು ಕಾವಲಿನ ಮಾತು: ರಾತ್ರಿ ಕೋಟೆಯ ಹೊರಗೆ ನಾಯಿ ಕಟ್ಟಿದರೆ ಕಳ್ಳಹೆಜ್ಜೆಯಲ್ಲಿ ಬರುವ ಶತ್ರು ಸಿಕ್ಕಿಬೀಳುತ್ತಾನೆ. ಸಾಲುಗಟ್ಟಿ ಮುಂದೆ ನಿಂತು ಕಾದಿದ್ದನ್ನು ಸ್ಪಷ್ಟವಾಗಿ ಬರೆದವನು ರೋಮಿನ ಲೇಖಕ ಪ್ಲಿನಿ. ಕೊಲೊಫೋನ್ ಎಂಬ ಗ್ರೀಕ್ ಪಟ್ಟಣದ ನಾಯಿಪಡೆಯನ್ನು ಹೊಗಳುತ್ತ, ಸಂಬಳ ಕೇಳದ ಸೈನಿಕರು ಎನ್ನುತ್ತಾನೆ. ಪಕ್ಕದಲ್ಲಿ ಕಾಲದ ಅಂತರವನ್ನೂ ಗುರುತು ಮಾಡಿಕೊಳ್ಳಿ. ಗ್ರೀಕರಿಗೂ ಪರ್ಷಿಯನ್ನರಿಗೂ ಮ್ಯಾರಥಾನ್ ಕದನ ನಡೆದದ್ದು ಕ್ರಿ.ಪೂ. 490ರಲ್ಲಿ, ಅಲ್ಲಿ ಒಡೆಯನ ಜೊತೆ ನಿಂತ ನಾಯಿಯ ಕತೆ ಹೇಳುವ ರೋಮಿನ ಲೇಖಕ ಈಲಿಯನ್ ಸುಮಾರು ಏಳು ಶತಮಾನ ಕಳೆದ ಮೇಲಿನವನು.

ಕೊರಳಪಟ್ಟಿ ನೋಡಿ ಮೋಸಹೋಗುವವರು ಬಹಳ. ಮೊಳೆ ಹೊಡೆದ ಪಟ್ಟಿ ಕಂಡ ಕೂಡಲೇ ಯುದ್ಧದ ನಾಯಿ ಎಂದು ಬರೆದುಬಿಡುತ್ತಾರೆ. ರೋಮಿನ ವಾರೊ ಅಂಥ ಚರ್ಮದ ಪಟ್ಟಿಯನ್ನು ವಿವರಿಸುವುದು ಕುರಿಕಾಯುವ ನಾಯಿಯ ಲೆಕ್ಕದಲ್ಲಿ, ತೋಳ ಕುತ್ತಿಗೆಗೆ ಬಾಯಿ ಹಾಕಬಾರದೆಂದು.

ಇನ್ನು ಎತ್ತರ. ಶಿಲ್ಪದಲ್ಲಿ ನಾಯಿಯ ಹಗ್ಗ ಹಿಡಿದ ಆಳನ್ನು ಹುಡುಕಿ. ಇಬ್ಬರ ಪಾದವೂ ಒಂದೇ ನೆಲಗೆರೆಯ ಮೇಲಿರಬೇಕು. ಆಳಿನ ಅಳತೆ ಪಾದದಿಂದ ನೆತ್ತಿಗೆ, ನಾಯಿಯದು ಮುಂಗಾಲಿನಿಂದ ಹೆಗಲಿಗೆ. ತಲೆಯ ತನಕ ಅಳೆದರೆ ಲೆಕ್ಕ ಕೆಟ್ಟಿತು. ಆಳು 33 ಸೆಂ.ಮೀ., ನಾಯಿಯ ಹೆಗಲು 13 ಸೆಂ.ಮೀ. ಇದ್ದು, ಆಳಿನ ನಿಜ ಎತ್ತರ 165 ಎಂದು ಹಿಡಿದರೆ ನಾಯಿ ಸುಮಾರು 65 ಸೆಂ.ಮೀ. ಅರಸನನ್ನೋ ದೇವರನ್ನೋ ಅಳತೆಗೋಲು ಮಾಡಬೇಡಿ. ಶಿಲ್ಪಿ ಅವರನ್ನು ಅಂತಸ್ತಿಗೆ ತಕ್ಕಂತೆ ದೊಡ್ಡದು ಮಾಡಿರುತ್ತಾನೆ.

ಕೈ ಪಳಗಿಸಲು ಬಾರಕೂರಿನಂಥ ಕಡೆಯ ವೀರಗಲ್ಲುಗಳೇ ಸಾಕು, ನಾಯಿ ಇಲ್ಲದಿದ್ದರೆ ಕುದುರೆಯನ್ನು ಅಳೆಯಿರಿ. ನಮ್ಮ ಮಳೆಗಾಲದಲ್ಲಿ ಒದ್ದೆ ಕಲ್ಲು, ಮೇಲೆ ಪಾಚಿ, ಗೆರೆಯೇ ಕಾಣುವುದಿಲ್ಲ. ಡಿಸೆಂಬರಿನಿಂದ ಫೆಬ್ರವರಿಯೊಳಗೆ ಬೆಳಗಿನ ಓರೆ ಬಿಸಿಲಿಗೆ ಹೋಗಿ, ಇಲ್ಲವೇ ಟಾರ್ಚನ್ನು ಕಲ್ಲಿನ ಮಗ್ಗುಲಿನಿಂದ ಹಿಡಿಯಿರಿ. ಕಂಬಿ ಬ್ರಷ್ಷಿನಿಂದ ಉಜ್ಜುವುದು, ಗೆರೆಗೆ ಸೀಮೆಸುಣ್ಣ ತುಂಬುವುದು ಬೇಡವೇ ಬೇಡ ಮಾರಾಯ್ರೇ. ಕಲ್ಲು ಹಾಳಾಗುತ್ತದೆ, ಇಲ್ಲದ ಗೆರೆಯೂ ಹುಟ್ಟಿಕೊಳ್ಳುತ್ತದೆ.

ಎಲುಬು ಇದ್ದರೆ ಲೆಕ್ಕ ಇನ್ನೂ ಗಟ್ಟಿ. ಎಲುಬಿನ ಉದ್ದದಿಂದ ನಾಯಿಯ ಎತ್ತರ ಕಂಡುಹಿಡಿಯುವ 1974ರ ಹಾರ್ಕೋರ್ಟ್ ಸೂತ್ರ ಮಿಲಿಮೀಟರಿನಲ್ಲಿ: ತೊಡೆ ಎಲುಬಿನ ಪೂರ್ತಿ ಉದ್ದವನ್ನು 3.14ರಿಂದ ಗುಣಿಸಿ 12.96 ಕಳೆಯಿರಿ. ಉದ್ದ 200 ಆದರೆ ಹೆಗಲೆತ್ತರ 615, ಅಂದರೆ ಅರವತ್ತೊಂದೂವರೆ ಸೆಂ.ಮೀ. ಲ್ಯಾಬಿನ ಮಾಮೂಲಿ ವರ್ನಿಯರ್ ಕ್ಯಾಲಿಪರ್ 150 ಮಿ.ಮೀ.ಗೇ ಮುಗಿಯುತ್ತದೆ, 300ರದ್ದು ತನ್ನಿ. ಎಲುಬಿನ ತುದಿ ಬೆಸೆದುಕೊಂಡಿರದಿದ್ದರೆ ಅದು ಬೆಳೆಯುತ್ತಿದ್ದ ಮರಿ, ಸೂತ್ರ ಹಾಕಬೇಡಿ. ಕರಾವಳಿಯ ಹುಳಿ ಜಂಬಿಟ್ಟಿಗೆ ಮಣ್ಣು ಎಲುಬನ್ನು ತಿಂದುಹಾಕುವುದರಿಂದ ಈ ಲೆಕ್ಕಕ್ಕೆ ಹೊರಗಿನ ಉತ್ಖನನ ವರದಿಗಳೇ ಗತಿ.

ತಳಿಯ ವಿಷಯಕ್ಕೆ ಬಂದಾಗ ಕೈ ಬಿಗಿ ಹಿಡಿಯಿರಿ. ಇಂಗ್ಲೆಂಡಿನ ಕೆನಲ್ ಕ್ಲಬ್ ಶುರುವಾದದ್ದೇ 1873ರಲ್ಲಿ. ವಂಶಾವಳಿ ಬರೆದಿಟ್ಟ ತಳಿಗಳೆಲ್ಲ ಆ ಕಾಲದ ಸರಕು. ಮಾಸ್ಟಿಫ್‌ಗಳ ಮೂಲವೆಂದು ಎಲ್ಲರೂ ಎತ್ತಿ ಆಡುವ ಮೊಲೊಸಿಯನ್ ಎಂಬುದು ಗ್ರೀಸಿನ ಎಪಿರಸ್ ಸೀಮೆಯ ಜನರಿಂದ ಬಂದ ಹೆಸರು. ಅಲ್ಲಿನ ಬೇಟೆನಾಯಿ ಬೇರೆ ಕಡೆಯದರಂತೆಯೇ, ಕುರಿನಾಯಿ ಮಾತ್ರ ದೊಡ್ಡದು, ಧೈರ್ಯದ್ದು ಎಂದು ಅರಿಸ್ಟಾಟಲನ ಹೆಸರಿನ ಗ್ರಂಥ ಹೇಳುತ್ತದೆ. ಒಂದೇ ಹೆಸರಿನಡಿ ಎರಡು ಬಗೆ. ಅಸ್ಸೀರಿಯಾದ ರಾಜಧಾನಿ ನಿನೆವೆಯ ಅರಮನೆಯ ಕೆತ್ತನೆಗಳಲ್ಲಿನ ಭಾರೀ ತಲೆಯ ನಾಯಿಗಳನ್ನು, ಕ್ರಿ.ಪೂ. 645ರ ಸುಮಾರಿನವು, ಯುದ್ಧದ ಮಾಸ್ಟಿಫ್ ಎಂದು ಅಚ್ಚು ಹಾಕುತ್ತಾರೆ. ಕೆತ್ತನೆಯಲ್ಲಿ ಅವು ಹಿಡಿದಿರುವುದು ಕಾಡುಕತ್ತೆಯನ್ನು.

ನಮ್ಮದೇ ಮಂಡ್ಯ ಜಿಲ್ಲೆಯ ಆತಕೂರು ಶಾಸನದಲ್ಲೂ ಈ ತಪ್ಪಾಗುತ್ತದೆ. 949ರ ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಮೆಚ್ಚುಗೆಯಾಗಿ ಸಿಕ್ಕ ನಾಯಿ ಕಾಳಿ. ಕಾಳಗದ ಹೆಸರಿದೆ, ವೀರನ ಹೆಸರಿದೆ, ಹಾಗಾಗಿ ಯುದ್ಧದ ನಾಯಿ ಎಂದುಬಿಡುತ್ತಾರೆ. ಕಾಳಿ ಸತ್ತದ್ದು ಹಂದಿಯ ಜೊತೆ ಹೋರಾಡಿ. ಕಲ್ಲಿನ ಮೇಲೆ ಕೆತ್ತಿರುವುದೂ ಅದನ್ನೇ. ಕಾಳಿಯನ್ನು ಮುಧೋಳ ತಳಿ ಎಂದು ಹೆಸರಿಡುವುದಂತೂ ದೊಡ್ಡ ಎಡವಟ್ಟು, ಆ ತಳಿಗೆ ರೂಪ ಕೊಟ್ಟ ಮುಧೋಳದ ಘೋರ್ಪಡೆ ಅರಸರು ಎಷ್ಟೋ ಶತಮಾನ ಈಚಿನವರು.

ಪೋಸ್ಟರಿಗೆ ಹೀಗೆ ಬರೆಯಿರಿ: "ಭಾರೀ ತಲೆಯ ಮಾಸ್ಟಿಫ್ ಬಗೆಯ ನಾಯಿ, ಹೆಗಲೆತ್ತರ ಅಂದಾಜು ಇಷ್ಟು, ಕೆತ್ತನೆಯಲ್ಲಿ ತೋರಿಸಿದ ಕೆಲಸ ಬೇಟೆ." ಮರಿ ಮಾರುವವರಲ್ಲಿ ರೋಮಿನ ಸುದ್ದಿ ಬಿಟ್ಟು ಅಪ್ಪ-ಅಮ್ಮನ ನೋಂದಣಿ ಕಾಗದ ಮತ್ತು ಸೊಂಟದ ಎಕ್ಸ್‌ರೇ ಕೇಳಿ. ತಾಯಿನಾಯಿಯನ್ನು ಮಧ್ಯಾಹ್ನದ ಹೊತ್ತು ನೋಡಿ: ನಮ್ಮ ಸೆಕೆಗೆ ನೆರಳಲ್ಲಿ ಕೂತಲ್ಲೇ ಗೊರಗೊರ ಏದುಸಿರು ಬಿಡುತ್ತಿದ್ದರೆ ಆ ಮರಿಯೂ ಇಲ್ಲಿಗೆ ಹೇಳಿದ್ದಲ್ಲ.