ಕುದ್ರುವಿನ ಮನೆಯಲ್ಲಿ ನನ್ನ ಪದ್ಯಗಳನ್ನು ರೆಕಾರ್ಡ್ ಮಾಡಿದ್ದು

ನಮ್ಮ ಮನೆ ಇರುವುದು ಕುಂದಾಪುರದ ಬಳಿ, ಗಂಗೊಳ್ಳಿ ಅಳಿವೆಯ ಹತ್ತಿರದ ಒಂದು ಕುದ್ರುವಿನಲ್ಲಿ, ಅಂದರೆ ಹೊಳೆ ನಡುವಿನ ದ್ವೀಪದಲ್ಲಿ. ಸೌಪರ್ಣಿಕಾ, ವಾರಾಹಿ, ಚಕ್ರಾ ಎಲ್ಲ ಸೇರಿ ಐದು ಹೊಳೆ ಕೂಡುವ ಜಾಗ. ಸುತ್ತ ನೀರು, ಸದ್ದೇ ಇರಲಿಕ್ಕಿಲ್ಲ ಅಂತ ಬಂದವರೆಲ್ಲ ಹೇಳುತ್ತಾರೆ. ಆದರೆ ರಾತ್ರಿ ನೀರಿನ ಮೇಲೆ ಸದ್ದು ತುಂಬ ದೂರ ಬರುತ್ತದೆ. ಆಚೆ ದಡದ ಬೋಟಿನ ಇಂಜಿನ್ ನಮ್ಮ ಅಂಗಳದಲ್ಲೇ ಇದ್ದ ಹಾಗೆ ಕೇಳುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬೋಟುಗಳಿಗೆ ರಜೆ. ಆ 61 ದಿನದಲ್ಲಿ ನನ್ನ ಪುಸ್ತಕದ ಪದ್ಯಗಳನ್ನು ಓದಿ ರೆಕಾರ್ಡ್ ಮಾಡಿ ಮುಗಿಸೋಣ ಅಂದುಕೊಂಡೆ. ಆದರೆ ಅದೇ ಮಳೆಗಾಲ ಅಲ್ವಾ? ಹಂಚಿನ ಮಾಡಿನ ಮೇಲೆ ಮಳೆ ಹೊಡೆದರೆ ಪಕ್ಕದವರ ಮಾತೇ ಕೇಳುವುದಿಲ್ಲ. ಕೊನೆಗೆ ದೀಪಾವಳಿ ಕಳೆದ ಮೇಲೆ, ರಾತ್ರಿ 11ರ ನಂತರ ಕೂತೆ. ಫ್ಯಾನ್, ಫ್ರಿಡ್ಜ್ ಬಂದ್. ಕಿಟಕಿಗೆ ಕಂಬಳಿ, ಬೆನ್ನ ಹಿಂದೆ ಹಾಸಿಗೆ. ಮೈಕ್ ಬಾಯಿಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ. ನೇರ ಇಟ್ಟರೆ ಪ, ಬ, ಭ ಬಂದಾಗಲೆಲ್ಲ ಉಸಿರು ಮೈಕಿಗೆ ಬಡಿದು ಢಬ್ ಅನ್ನುತ್ತದೆ. ಓದುವ ಮೊದಲು 20 ಸೆಕೆಂಡ್ ಸುಮ್ನೆ ಕೂತು ಕೋಣೆಯ ಸದ್ದನ್ನಷ್ಟೇ ಹಿಡಿಯುತ್ತಿದ್ದೆ. ಆಮೇಲೆ ಆಡಾಸಿಟಿ ಎಂಬ ಧ್ವನಿ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಗುಂಯ್ ಸದ್ದು ತೆಗೆಯಲು ಅದು ಬೇಕು. ಫೈಲನ್ನು ಧ್ವನಿಯ ಗುಣಮಟ್ಟ ಕಳೆಯದ ವೇವ್ ರೂಪದಲ್ಲೇ ಇಟ್ಟುಕೊಂಡೆ, ಗಾತ್ರ ಚಿಕ್ಕದಾದ ಎಂಪಿ3 ಕಳಿಸುವುದಕ್ಕೆ ಮಾತ್ರ.

ಇಷ್ಟೆಲ್ಲ ಕಲಿಯಲು ಒಂದು ವಾರ ಸಾಕಾಯಿತು. ನನ್ನ ಸ್ವರ ಸಿಗಲು ಜಾಸ್ತಿ ದಿನ ಹಿಡಿಯಿತು.

ಮೊದಲ ಆರು ಪದ್ಯ ಅಮ್ಮನಿಗೆ ಕೇಳಿಸಿದೆ. "ಇದ್ ಯಾರ್ ಮಗಾ?" ಅಂದರು. ನಾನು ರೇಡಿಯೋದ ವಾರ್ತೆಯ ಹಾಗೆ ಓದಿದ್ದೆ. ಒಂದು ಪದ್ಯದಲ್ಲಿ ದೋಣಿ ಹತ್ತುವ ಮಗ ಹೇಳುವ ಮಾತು ಪುಸ್ತಕದಲ್ಲಿ 'ಹೋಗಿ ಬರುತ್ತೇನೆ' ಅಂತಿದೆ. ನಮ್ಮ ಕುದ್ರುವಿನಲ್ಲಿ ಯಾರೂ ಹಾಗೆ ಹೇಳುವುದಿಲ್ಲ. 'ಹೋಯ್ ಬತ್ತೆ' ಅನ್ನುತ್ತೇವೆ. ಬರೆಯುವಾಗ, ಬೇರೆ ಊರಿನವರಿಗೂ ತಿಳಿಯಲಿ ಅಂತ ಕುಂದಾಪ್ರ ಕನ್ನಡ ಬಿಟ್ಟಿದ್ದೆ. ಆ ರಾತ್ರಿ 'ಹೋಯ್ ಬತ್ತೆ' ಅಂತಲೇ ಓದಿದೆ. ಸಾಲು ಅರ್ಧಕ್ಕಿಳಿಯಿತು. ಉಳಿದ ಜಾಗದಲ್ಲಿ ದೋಣಿ ದಡ ಬಿಡುವಷ್ಟು ಹೊತ್ತು ಸುಮ್ಮನಿದ್ದೆ. ಆ ಮೌನ ಪುಸ್ತಕದಲ್ಲಿ ಇರಲೇ ಇಲ್ಲ.

ಅಮ್ಮ ಅದನ್ನು ಎರಡು ಸಲ ಹಾಕಿಸಿಕೊಂಡು ಕೇಳಿದರು.

ಆರನ್ನೂ ಅಳಿಸಿ ಮತ್ತೆ ಓದಿದೆ. ಈಗ ರೆಕಾರ್ಡಿಂಗ್ ಕೇಳುತ್ತಾ ಪುಸ್ತಕದ ನನ್ನ ಪ್ರತಿಯಲ್ಲಿ ಪೆನ್ಸಿಲ್ ಹಿಡಿದು ತಿದ್ದುತ್ತಿದ್ದೇನೆ. 14 ಪದ್ಯ ಮುಗಿದಿವೆ.