ಒಂದು ದಿನಕ್ಕೆ ಒಂದೇ ದ್ವೀಪ: ಫ್ರಾನ್ಸಿನ ದಕ್ಷಿಣ ಕಡಲಲ್ಲಿ ಹೋಗಿ ಬರುವ ಬಗೆ

ನಮ್ಮ ಕಡಲು ಮುನಿಯುವುದು ಮಳೆಗಾಲದಲ್ಲಿ. ಮುಂಗಾರು ಕಾಲಿಟ್ಟ ಕೂಡಲೇ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳು ನಿಲ್ಲುತ್ತವೆ. ಮೋಡ ಕಟ್ಟಿದರೆ ನೀರಿಗಿಳಿಯಬಾರದು ಎಂಬುದು ನಮಗೆ ಯಾರೂ ಹೇಳಿಕೊಡದೆ ಬಂದ ತಿಳಿವಳಿಕೆ. ಫ್ರಾನ್ಸಿನ ದಕ್ಷಿಣ ಕರಾವಳಿಗೆ ಹೋದವರು ಮೊದಲು ಬದಿಗಿಡಬೇಕಾದದ್ದು ಇದನ್ನೇ. ಅಲ್ಲಿ ಮೋಡದ ಚೂರೂ ಇಲ್ಲದ, ತೊಳೆದಿಟ್ಟಂಥ ನೀಲಿ ಆಕಾಶದ ದಿನವೇ ದೋಣಿ ಹೊರಡದೆ ಇರಬಹುದು. ರೋನ್ ನದಿಯ ಕಣಿವೆಗುಂಟ ವಾಯವ್ಯ ದಿಕ್ಕಿನಿಂದ ನುಗ್ಗಿ ಬರುವ ಮಿಸ್ತ್ರಾಲ್ ಎಂಬ ಒಣಗಾಳಿ ಮೋಡಗಳನ್ನೆಲ್ಲ ಗುಡಿಸಿಹಾಕಿ, ಕಡಲನ್ನು ಮಾತ್ರ ಕಲಕಿಬಿಡುತ್ತದೆ. ಮಾರ್ಸೇಯಲ್ಲಿ ನನ್ನ ಮೊದಲ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಧಕ್ಕೆಗೆ ಹೋದೆ. ಬಿಸಿಲು ಕಣ್ಣು ಕೋರೈಸುತ್ತಿತ್ತು, ಟಿಕೆಟ್ ಕಿಟಕಿ ಮುಚ್ಚಿತ್ತು. ಹಿಂದಿನ ರಾತ್ರಿ ಗಾಳಿಯ ಮುನ್ಸೂಚನೆ ನೋಡಿದ್ದರೆ ಆ ದಿನವನ್ನು ಊರು ಸುತ್ತಲು ಇಟ್ಟುಕೊಳ್ಳಬಹುದಿತ್ತು.

ಆಮೇಲೆ ಆ ಕರಾವಳಿಯಲ್ಲಿ ಕಳೆದ ದಿನಗಳಲ್ಲಿ ನನಗೊಂದು ಕ್ರಮ ಸಿಕ್ಕಿತು. ಕೆಲಸಕ್ಕೋ ಓದಿಗೋ ಯುರೋಪಿನಲ್ಲಿರುವ ಮಕ್ಕಳನ್ನು ನೋಡಲು ಹೋಗಿ, ಒಂದು ವಾರ ಬಿಸಿಲ ಕಡೆ ಹೋಗೋಣ ಎಂದುಕೊಳ್ಳುವ ಅಪ್ಪ ಅಮ್ಮಂದಿರೂ ಈಗ ಬಹಳ ಮಂದಿ ಇರುವುದರಿಂದ ಅದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು: ಊರು ಆರಿಸಿ, ದ್ವೀಪ ತಾನಾಗಿ ಬರುತ್ತದೆ

ಈ ಕರಾವಳಿಯಲ್ಲಿ ದಿನದೊಳಗೆ ಹೋಗಿ ಬರಬಹುದಾದ ದ್ವೀಪಗಳು ಮುಖ್ಯವಾಗಿ ಮೂರು ಗುಂಪು. ಪಶ್ಚಿಮದಲ್ಲಿ ಮಾರ್ಸೇ ಬಂದರಿನ ಎದುರಿಗೆ ಈಫ್ ಮತ್ತು ಫ್ರಿಯೂಲ್. ನಡುವೆ ಇಯೇರ್ ಊರಿನ ದಕ್ಷಿಣಕ್ಕೆ ಪೋರ್ಕ್‌ರೋಲ್ ಮತ್ತು ಪೋರ್‌ಕ್ರೋ. ಪೂರ್ವದಲ್ಲಿ, ಚಿತ್ರೋತ್ಸವದಿಂದ ನಮಗೆಲ್ಲ ಹೆಸರು ಗೊತ್ತಿರುವ ಕಾನ್ ಊರಿನ ಎದುರಿಗೆ ಲೆರಾಂ ದ್ವೀಪಗಳು.

ಕಾರು ಬೇಕಿಲ್ಲ. ನೀಸ್‌ನಿಂದ ಕಾನ್‌ಗೆ ಪ್ರಾದೇಶಿಕ ರೈಲಿನಲ್ಲಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಕಾನ್ ನಿಲ್ದಾಣದಿಂದ ದ್ವೀಪದ ದೋಣಿ ಹೊರಡುವ ಲೋಬಫ್ ಧಕ್ಕೆಗೆ ಕಾಲುನಡಿಗೆಯಲ್ಲೇ ಹೋಗಬಹುದು. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ನಾನು ಹೇಳುವುದು ಇದನ್ನೇ: ನೀಸ್‌ನಲ್ಲಿ ತಂಗಿ, ಲೆರಾಂಗೆ ಹೋಗಿ. ದೋಣಿಯಲ್ಲಿ ಕೂರುವುದು ಸುಮಾರು ಹದಿನೈದು ನಿಮಿಷ. ದೋಣಿಯಲ್ಲಿ ತಲೆ ತಿರುಗುವವರೂ ಅಷ್ಟನ್ನು ತಡೆದುಕೊಳ್ಳುತ್ತಾರೆ. ಒಂದು ಎಚ್ಚರಿಕೆ: ಮೇ ತಿಂಗಳಲ್ಲಿ ಚಿತ್ರೋತ್ಸವ ನಡೆಯುವಾಗ ಕಾನ್‌ನಲ್ಲಿ ಕೋಣೆ ಹಿಡಿಯುವ ಯೋಚನೆಯೇ ಬೇಡ.

ಕಾಲದ ಮಾತು ಬಂದರೆ, ಮೇ ಕೊನೆಯಿಂದ ಜೂನ್ ಮತ್ತು ಸೆಪ್ಟೆಂಬರ್ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಇಡೀ ಫ್ರಾನ್ಸ್ ರಜೆಯ ಮೇಲೆ ಇಲ್ಲಿಗೇ ಇಳಿಯುತ್ತದೆ. ನೀರು ಮಾತ್ರ ನಮ್ಮ ಕಡಲಿನಂತೆ ಬೆಚ್ಚಗಿರುತ್ತದೆ ಎಂದುಕೊಳ್ಳಬೇಡಿ. ಮೇ ತಿಂಗಳಲ್ಲಿ ಕಾಲಿಟ್ಟರೆ ಮೈ ಜುಮ್ಮೆನ್ನುತ್ತದೆ. ಸೆಪ್ಟೆಂಬರ್‌ನಲ್ಲಿ ಬೇಸಿಗೆಯಿಡೀ ಕಾದ ನೀರು ಹಿತವಾಗಿರುತ್ತದೆ.

ಹಿಂದಿನ ಸಂಜೆ: ಗಾಳಿ, ಬೆಂಕಿ, ಮುಷ್ಕರ

ಮಲಗುವ ಮುನ್ನ ಮೂರು ಸಂಗತಿ ನೋಡಿ. ಒಂದು, ಗಾಳಿಯ ಮುನ್ಸೂಚನೆ. ಫ್ರಾನ್ಸಿನ ಹವಾಮಾನ ಇಲಾಖೆ ಮೆತೆಯೋ ಫ್ರಾನ್ಸ್‌ನ ಪುಟದಲ್ಲಿ ಗಾಳಿಯ ವೇಗ ಗಂಟೆವಾರು ಇರುತ್ತದೆ. ಮಾರ್ಸೇಗೆ ಹೋಗುವವರಿಗೆ ಇದು ಅತಿ ಮುಖ್ಯ. ಫ್ರಿಯೂಲ್‌ಗೆ ದೋಣಿ ಹೋಗುತ್ತಿದ್ದರೂ, ಬಂಡೆಯ ಮೇಲಿರುವ ಈಫ್‌ನಲ್ಲಿ ಅಲೆ ಹೆಚ್ಚಿದ್ದರೆ ಇಳಿಯಲು ಬಿಡುವುದಿಲ್ಲ. ಪೂರ್ವಕ್ಕೆ ಹೋದಷ್ಟೂ ಮಿಸ್ತ್ರಾಲ್‌ನ ಬಿರುಸು ಕಡಿಮೆ. ಕಾನ್, ನೀಸ್‌ಗಳನ್ನು ಬೆಟ್ಟಗಳು ಕಾಯುತ್ತವೆ.

ಎರಡು, ಕಾಡ್ಗಿಚ್ಚಿನ ನಕ್ಷೆ. ಇಲ್ಲಿನ ದ್ವೀಪಗಳೆಂದರೆ ಪೈನ್ ಮರಗಳ ಕಾಡು. ಬೇಸಿಗೆಯಲ್ಲಿ ಆ ಮರಗಳ ಕೆಳಗೆ ನಡೆದರೆ ಒಣಗಿದ ಸೂಜಿ ಎಲೆ ಚಟಚಟ ಎನ್ನುತ್ತದೆ. ಒಂದು ಕಿಡಿ ಸಾಕು. ಪೋರ್ಕ್‌ರೋಲ್ ಇರುವ ವಾರ್ ಜಿಲ್ಲೆಯ ಆಡಳಿತ ಬೇಸಿಗೆಯ ಪ್ರತಿ ಸಂಜೆ ಮರುದಿನದ ಅಪಾಯದ ನಕ್ಷೆ ಪ್ರಕಟಿಸುತ್ತದೆ. ಕೆಂಪು ಬಣ್ಣ ಬಂದರೆ ಕಾಡಿನ ದಾರಿಗಳು ಮುಚ್ಚುತ್ತವೆ. ದ್ವೀಪಕ್ಕೆ ಹೋಗಬಹುದು, ಆದರೆ ಹಳ್ಳಿ ಮತ್ತು ಹತ್ತಿರದ ಮರಳದಂಡೆ ಬಿಟ್ಟು ಬೇರೆ ಕಡೆ ತಿರುಗುವಂತಿಲ್ಲ. ಅಷ್ಟು ದೂರದಿಂದ ಬಂದು ಬೇಲಿಯ ಈಚೆ ನಿಲ್ಲುವ ಬದಲು ದಿನ ಬದಲಾಯಿಸಿ.

ಮೂರು, ರೈಲು ಮುಷ್ಕರ. 'ಗ್ರೆವ್' ಎಂಬ ಪದ ಸುದ್ದಿಯಲ್ಲಿ ಕಂಡರೆ ಮರುದಿನ ಓಡುವ ರೈಲುಗಳ ಪಟ್ಟಿ ಇನ್ನೊಮ್ಮೆ ನೋಡಿ.

ಟಿಕೆಟ್: ಕೊನೆಯ ದೋಣಿಯಿಂದ ಹಿಂದಕ್ಕೆ ಲೆಕ್ಕ ಹಾಕಿ

ಕೇಳಬೇಕಾದ್ದು 'ಅಲೇ ರತೂರ್', ಅಂದರೆ ಹೋಗಿ ಬರುವ ಟಿಕೆಟ್. ಹಣ ಕೊಟ್ಟ ಮೇಲೆ ಕೇಳಬೇಕಾದ ಇನ್ನೊಂದು ಮಾತು 'ದೆರ್ನಿಯೇ ಬತೋ?', ಕೊನೆಯ ದೋಣಿ ಎಷ್ಟಕ್ಕೆ? ಆ ಗಂಟೆಯನ್ನು ಬರೆದಿಟ್ಟುಕೊಳ್ಳಿ. ಬೇಸಿಗೆಗೂ ಚಳಿಗಾಲಕ್ಕೂ ವೇಳಾಪಟ್ಟಿ ಬೇರೆ ಬೇರೆ.

ಲೆರಾಂನಲ್ಲಿ ಅನೇಕರು ಎಡವುವ ಸಂಗತಿಯೊಂದಿದೆ. ಅಲ್ಲಿ ಎರಡು ದ್ವೀಪ: ದೊಡ್ಡದು ಸಾಂತ್ ಮಾರ್ಗರೀತ್, ಚಿಕ್ಕದು ಸಾಂತ್ ಓನೊರಾ. ನಡುವೆ ಕಿರಿದಾದ ಕಡಲು, ಕೂಗಿದರೆ ಕೇಳಿಸೀತು ಎನ್ನುವಷ್ಟು ಹತ್ತಿರ. ಆದರೂ ಎರಡಕ್ಕೂ ಬೇರೆ ಬೇರೆ ಸಂಸ್ಥೆಯ ದೋಣಿ, ಬೇರೆ ಟಿಕೆಟ್. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಕಾನ್‌ಗೆ ಮರಳಿ ಮತ್ತೆ ಹತ್ತಬೇಕು. ಒಂದೇ ದಿನದಲ್ಲಿ ಎರಡನ್ನೂ ಮುಗಿಸಲು ಹೊರಟರೆ ಅರ್ಧ ದಿನ ಧಕ್ಕೆಯ ಸಾಲಿನಲ್ಲೇ ಕಳೆಯುತ್ತದೆ. ದಿನಕ್ಕೆ ಒಂದೇ ದ್ವೀಪ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಪೋರ್ಕ್‌ರೋಲ್‌ನದು ಇನ್ನೊಂದು ಬಗೆ. 2021ರಿಂದ ಬೇಸಿಗೆಯಲ್ಲಿ ದಿನಕ್ಕೆ 6,000 ಜನಕ್ಕೆ ಮಿತಿ ಹಾಕಿದ್ದಾರೆ. ಜುಲೈ, ಆಗಸ್ಟ್‌ನಲ್ಲಿ ಮೊದಲೇ ಆನ್‌ಲೈನ್‌ನಲ್ಲಿ ಕಾಯ್ದಿರಿಸಿ. ದೋಣಿ ಹೊರಡುವುದು ಇಯೇರ್ ಊರಿನಿಂದಲ್ಲ, ಅದರ ದಕ್ಷಿಣದ ಝಿಯಾಂ ಭೂಶಿರದ ತುದಿಯ ಲಾ ತೂರ್ ಫೋಂದ್ಯು ಧಕ್ಕೆಯಿಂದ. ರೈಲು ನಿಲ್ದಾಣದಿಂದ ಅಲ್ಲಿಗೆ ಬಸ್ಸಿನಲ್ಲಿ ಹೋಗಬೇಕು. ಆ ಸಮಯವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಚೀಲ ಮತ್ತು ಬುತ್ತಿ

ತಲೆಗೆ ಅಗಲ ಅಂಚಿನ ಟೋಪಿ, ಒಬ್ಬೊಬ್ಬರಿಗೆ ಎರಡು ಲೀಟರ್‌ನಂತೆ ನೀರು, ನೀರಿಗಿಳಿಯಲು ರಬ್ಬರ್ ಚಪ್ಪಲಿ. ಇಲ್ಲಿನ ದಂಡೆಗಳಲ್ಲಿ ಮರಳಿಗಿಂತ ಬಂಡೆ ಜಾಸ್ತಿ, ಬಂಡೆಗಳ ಸಂದಿಯಲ್ಲಿ ಮುಳ್ಳಿನ ಕಡಲುಜೀವಿಗಳಿರುತ್ತವೆ. ಬರಿಗಾಲಲ್ಲಿ ತುಳಿದರೆ ಮುಳ್ಳು ತೆಗೆಯುವುದರಲ್ಲೇ ದಿನ ಮುಗಿಯುತ್ತದೆ. ಈಜು ಕನ್ನಡಕ ಮತ್ತು ಉಸಿರಾಟದ ಕೊಳವೆ ಇದ್ದರೆ ಖಂಡಿತ ತನ್ನಿ, ಯಾಕೆಂದು ಮುಂದೆ ಹೇಳುತ್ತೇನೆ.

ದ್ವೀಪದ ಹೋಟೆಲುಗಳಲ್ಲಿ ಬೆಲೆ ದುಬಾರಿ, ಸಸ್ಯಾಹಾರಿಗಳಿಗೆ ಆಯ್ಕೆ ಕಮ್ಮಿ. ಬುತ್ತಿ ಕಟ್ಟಿಕೊಳ್ಳುವುದೇ ಸರಿ. ಕಾನ್‌ನಲ್ಲಿ ಧಕ್ಕೆಗೆ ಹೋಗುವ ದಾರಿಯಲ್ಲೇ ಫೋರ್ವಿಲ್ ಮಾರುಕಟ್ಟೆ ಇದೆ. ಟೊಮೆಟೊ, ಆಲಿವ್, ಚೀಸು, ಏಪ್ರಿಕಾಟ್, ಬಿಸಿ ಬ್ರೆಡ್ಡು ಎಲ್ಲ ಅಲ್ಲೇ ಸಿಗುತ್ತವೆ. ಸೋಮವಾರ ತರಕಾರಿಯ ಬದಲು ಹಳೆ ಸಾಮಾನಿನ ಸಂತೆ ನಡೆಯುತ್ತದೆ, ಆ ದಿನ ಬುತ್ತಿಗೆ ಬೇರೆ ಅಂಗಡಿ ನೋಡಿ. ನೀಸ್‌ನಲ್ಲಿ ಉಳಿದವರು ಸೋಕ್ಕಾ ತಿನ್ನದೆ ಬರಬೇಡಿ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಕಲಸಿ ದೊಡ್ಡ ತಾಮ್ರದ ತಟ್ಟೆಯಲ್ಲಿ ಸುಡುವ ದೋಸೆಯಂಥ ತಿನಿಸು. ಅಂಚು ಗರಿಗರಿ, ನಡುವೆ ಮೆತ್ತಗೆ. ಅದೇ ಊರಿನ ಪಾನ್ ಬಾನ್ಯಾ ಎಂಬ ಗುಂಡು ಬ್ರೆಡ್ಡಿನಲ್ಲಿ ತರಕಾರಿ ಕಾಣಿಸಿದರೂ ಒಳಗೆ ಟ್ಯೂನಾ ಅಥವಾ ಆಂಚೊವಿ ಮೀನು ಇರುತ್ತದೆ. 'ಸಾನ್ ವಿಯಾಂದ್, ಸಾನ್ ಪ್ವಾಸೋಂ' (ಮಾಂಸ ಬೇಡ, ಮೀನು ಬೇಡ) ಎಂದು ಎರಡನ್ನೂ ಹೇಳಬೇಕು. ಮಾಂಸ ಬೇಡ ಎಂದಷ್ಟೇ ಹೇಳಿದರೆ ಮೀನು ಬರುತ್ತದೆ.

ಇಳಿದ ಮೇಲೆ: ಸಾಂತ್ ಮಾರ್ಗರೀತ್

ಉದ್ದ ಸುಮಾರು 3 ಕಿಲೋಮೀಟರ್, ಅಗಲ ಒಂದಕ್ಕೂ ಕಡಿಮೆ. ಧಕ್ಕೆಯಲ್ಲಿ ಇಳಿದವರೆಲ್ಲ ಎದುರಿಗೆ ಕಂಡ ಮರದ ನೆರಳಿಗೇ ಹೋಗಿ ಕೂರುತ್ತಾರೆ. ನೀವು ಎಡಕ್ಕೆ, ಮೇಲಕ್ಕೆ ನಡೆಯಿರಿ. ಬಿಸಿಲೇರುವ ಮುನ್ನ ಕೋಟೆ ನೋಡಿ ಮುಗಿಸಬೇಕು. ಹೆಸರೇ ಗೊತ್ತಿಲ್ಲದ ಕೈದಿಯೊಬ್ಬನನ್ನು 1687ರಿಂದ 1698ರವರೆಗೆ, ಹನ್ನೊಂದು ವರ್ಷ, ಇಲ್ಲಿಟ್ಟಿದ್ದರು. ಕಬ್ಬಿಣದ ಮುಖವಾಡದ ಮನುಷ್ಯ ಎಂದು ಲೋಕಕ್ಕೆಲ್ಲ ಗೊತ್ತಾದವನು ಅವನೇ. ಮುಖವಾಡ ಕಬ್ಬಿಣದ್ದಲ್ಲ, ಕಪ್ಪು ಮಖಮಲ್ಲಿನದು ಎಂದು ಆಮೇಲೆ ಅವನನ್ನು ಇರಿಸಿದ್ದ ಬಾಸ್ತೀಯ್ ಸೆರೆಮನೆಯ ಅಧಿಕಾರಿಯ ದಿನಚರಿ ಹೇಳುತ್ತದೆ. ಅವನ ಕೋಣೆಯೊಳಗೆ ನಿಂತಾಗ, ದಪ್ಪ ಗೋಡೆಯ ಸರಳುಗಳಾಚೆ ಅಷ್ಟು ಚೆಂದದ ಕಡಲು ಕಾಣುತ್ತದಲ್ಲ, ಅದು ನನ್ನನ್ನು ಬಹಳ ಹೊತ್ತು ಕಾಡಿತು.

ಕೋಟೆಯಿಂದ ಕಾಡಿನ ನಡುವಿನ ದಾರಿ ಹಿಡಿದು ದಕ್ಷಿಣದ ದಂಡೆಗೆ ಇಳಿಯಿರಿ. ನೀಲಗಿರಿ ಮರದ ವಾಸನೆ ಬಂದಾಗ ಊಟಿಗೆ ಬಂದೆವೋ ಎನಿಸುತ್ತದೆ. ಆ ದಂಡೆಯ ಹತ್ತಿರ, ಮೂರರಿಂದ ಐದು ಮೀಟರ್ ಆಳದಲ್ಲಿ, ಆರು ದೊಡ್ಡ ಮುಖಗಳು ಮುಳುಗಿ ನಿಂತಿವೆ. ಶಿಲ್ಪಿ ಜೇಸನ್ ಡಿಕೇರ್ಸ್ ಟೇಲರ್ ಕಾನ್‌ನ ನಿವಾಸಿಗಳ ಮುಖಗಳನ್ನೇ ಮಾದರಿಯಾಗಿಟ್ಟುಕೊಂಡು ಮಾಡಿದವು. ಮೀನುಗಾರನ ಮುಖವೂ ಇದೆ, ಶಾಲಾ ಬಾಲಕಿಯ ಮುಖವೂ ಇದೆ. 2021ರಲ್ಲಿ ನೀರಿಗಿಳಿಸಿದರು. ಕೊಳವೆ, ಕನ್ನಡಕ ತನ್ನಿ ಎಂದದ್ದು ಇದಕ್ಕೆ. ಚೆನ್ನಾಗಿ ಈಜು ಬರುವವರು ಮಾತ್ರ ಹೋಗಿ, ಒಬ್ಬರೇ ಹೋಗಬೇಡಿ.

ದಂಡೆಯಲ್ಲಿ ಕಂದು ಬಣ್ಣದ ಒಣ ಎಲೆಗಳ ದಿಂಡು ಬಿದ್ದಿದ್ದರೆ ಕಸವೆಂದು ಮೂಗು ಮುರಿಯಬೇಡಿ. ಅದು ಪೊಸಿಡೋನಿಯಾ ಎಂಬ ಕಡಲ ಹುಲ್ಲು. ನೀರಿನ ತಳದಲ್ಲಿ ಅದರ ಹುಲ್ಲುಗಾವಲೇ ಇದೆ, ಮೀನುಗಳು ಮರಿಮಾಡುವುದು ಅಲ್ಲಿ. ಸತ್ತ ಎಲೆಗಳ ಆ ದಿಂಡು ಚಳಿಗಾಲದ ಅಲೆಗಳಿಂದ ದಂಡೆ ಕೊರೆದುಹೋಗದಂತೆ ತಡೆಯುತ್ತದೆ. ಇನ್ನು, ನೇರಳೆ ಬಣ್ಣದ ಲೋಳೆಮೀನು ಮೈಗೆ ತಾಗಿದರೆ ಕುಡಿಯುವ ನೀರಿನಲ್ಲಿ ತೊಳೆಯಬಾರದು, ಉರಿ ಹೆಚ್ಚುತ್ತದೆ. ಕಡಲ ನೀರಿನಲ್ಲೇ ತೊಳೆಯಿರಿ.

ಮೌನ ಬೇಕಿದ್ದವರಿಗೆ ಸಾಂತ್ ಓನೊರಾ

ಇದು ಒಂದೂವರೆ ಕಿಲೋಮೀಟರ್ ಉದ್ದದ ದ್ವೀಪ. ಐದನೇ ಶತಮಾನದ ಆರಂಭದಲ್ಲಿ ಓನೊರಾ ಎಂಬ ಸಂತ ಬಂದು ನೆಲೆಸಿದ. ಇಂದಿಗೂ ಸಿಸ್ಟೆರ್ಸಿಯನ್ ಪಂಥದ ಸನ್ಯಾಸಿಗಳು ಇಲ್ಲಿದ್ದಾರೆ. ಸುಮಾರು 8 ಹೆಕ್ಟೇರ್ ದ್ರಾಕ್ಷಿ ತೋಟ ಮಾಡಿ, ತಾವೇ ವೈನ್ ತಯಾರಿಸಿ ಮಾರುತ್ತಾರೆ. ಕಡಲ ದಾಳಿಕೋರರಿಗೆ ಹೆದರಿ ನೀರಿನಂಚಿಗೇ ಕಟ್ಟಿಕೊಂಡ ಕೋಟೆಯಂಥ ಹಳೆಯ ಮಠ ದಕ್ಷಿಣ ತುದಿಯಲ್ಲಿದೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ತೊಡಿ, ದನಿ ತಗ್ಗಿಸಿ. ಒಂದು ಗಂಟೆಯಲ್ಲಿ ಸುತ್ತು ಮುಗಿಯುತ್ತದೆ. ಮಧ್ಯಾಹ್ನ ಪೈನ್ ನೆರಳಲ್ಲಿ ಸುಮ್ಮನೆ ಕೂರಲು ಬರುವವರ ದ್ವೀಪ ಇದು. ಮಕ್ಕಳಿಗೆ ಬೇಸರವಾದೀತು.

ಪೋರ್ಕ್‌ರೋಲ್‌ಗೆ ಹೋದರೆ

ಇಲ್ಲಿ ಸೈಕಲ್ ಬೇಕು. ಹಳ್ಳಿಯಲ್ಲೇ ಬಾಡಿಗೆಗೆ ಸಿಗುತ್ತವೆ, ಪ್ರವಾಸಿಗರು ಕಾರು ತರುವಂತಿಲ್ಲ. ಫ್ರಾಂಸ್ವಾ ಜೋಸೆಫ್ ಫೂರ್ನಿಯೇ ಎಂಬಾತ 1912ರಲ್ಲಿ ಈ ಇಡೀ ದ್ವೀಪವನ್ನು ಕೊಂಡು ಹೆಂಡತಿಗೆ ಮದುವೆಯ ಉಡುಗೊರೆಯಾಗಿ ಕೊಟ್ಟ. 1971ರಲ್ಲಿ ಸರ್ಕಾರ ಬಹುಪಾಲನ್ನು ಕೊಂಡುಕೊಂಡಿತು. ಇಲ್ಲದಿದ್ದರೆ ಇವತ್ತು ಬರೀ ಬಂಗಲೆಗಳಿರುತ್ತಿದ್ದವು. ಮರಳದಂಡೆಗಳೆಲ್ಲ ಉತ್ತರದಲ್ಲಿವೆ, ದಕ್ಷಿಣ ಕಡಿದಾದ ಬಂಡೆ. ನೋತ್ರ್ ದಾಮ್ ದಂಡೆ ಎಲ್ಲಕ್ಕಿಂತ ದೂರ, ಎಲ್ಲಕ್ಕಿಂತ ಚೆಂದ. ಪಕ್ಕದ ಪೋರ್‌ಕ್ರೋ 1963ರಿಂದಲೇ ರಾಷ್ಟ್ರೀಯ ಉದ್ಯಾನ, ಅಲ್ಲಿ ಸೈಕಲ್ಲೂ ಇಲ್ಲ, ನಡಿಗೆಯೇ.

ಈಫ್‌ನ ಬಂಡೆಯ ಮೇಲೆ ನಮ್ಮ ಕಡೆಯ ಘೇಂಡಾಮೃಗ

ಮಾರ್ಸೇಯ ಹಳೇ ಬಂದರಿನಿಂದ ಇಪ್ಪತ್ತು ನಿಮಿಷ. ಎಲ್ಲರೂ ಬರುವುದು ಸೆರೆಮನೆಯಾಗಿದ್ದ ಇಲ್ಲಿನ ಕೋಟೆ ನೋಡಲು. ನನಗೆ ಮುಖ್ಯವೆನಿಸಿದ್ದು ಆ ಕೋಟೆ ಕಟ್ಟುವ ಮುಂಚಿನ ಕಥೆ. ಗುಜರಾತಿನ ಸುಲ್ತಾನ ಮುಜಫರ್ ಷಾ ಪೋರ್ಚುಗೀಸರ ಗವರ್ನರ್ ಅಲ್ಬುಕರ್ಕ್‌ಗೆ ಒಂದು ಘೇಂಡಾಮೃಗ ಕೊಟ್ಟ. ಬಿಜಾಪುರದ ಆದಿಲ್‌ಶಾಹಿಗಳ ಕೈಯಿಂದ 1510ರಲ್ಲಿ ತಪ್ಪಿಹೋಗಿದ್ದ ಗೋವೆಯಿಂದ ಅದು ಹಡಗೇರಿ, 1515ರ ಮೇ ತಿಂಗಳಲ್ಲಿ ಲಿಸ್ಬನ್ ಮುಟ್ಟಿತು. ಅಲ್ಲಿನ ದೊರೆ ಅದನ್ನು ಪೋಪ್‌ಗೆ ಕಾಣಿಕೆಯಾಗಿ ಕಳಿಸಿದ. 1516ರಲ್ಲಿ ಹಡಗು ದಾರಿಯಲ್ಲಿ ಈ ದ್ವೀಪದಲ್ಲಿ ತಂಗಿದಾಗ ಫ್ರಾನ್ಸಿನ ದೊರೆ ಒಂದನೇ ಫ್ರಾಂಸ್ವಾ ಬಂದು ನೋಡಿದ. ಮುಂದೆ ಇಟಲಿಯ ತೀರದಲ್ಲಿ ಹಡಗು ಮುಳುಗಿತು, ಸರಪಳಿ ಬಿಗಿದಿದ್ದ ಪ್ರಾಣಿ ಈಜಲಾಗದೆ ಸತ್ತಿತು. ಜರ್ಮನಿಯ ಡ್ಯೂರರ್ ಎಂದೂ ಕಣ್ಣಾರೆ ಕಾಣದೆ ಕೆತ್ತಿದ ಪ್ರಸಿದ್ಧ ಚಿತ್ರ ಇದೇ ಪ್ರಾಣಿಯದು. ಈಫ್‌ನ ಕೋಟೆ ಎದ್ದದ್ದು ಆ ಭೇಟಿಯ ನಂತರದ ದಶಕದಲ್ಲಿ, ಅದೇ ದೊರೆಯ ಆಜ್ಞೆಯಿಂದ.

ಈಫ್ ನೋಡಿ ಅದೇ ದೋಣಿ ಸಾಲಿನಲ್ಲಿ ಫ್ರಿಯೂಲ್‌ಗೆ ಮುಂದುವರಿಯಬಹುದು. ಇದೊಂದೇ ಕಡೆ ನನ್ನ 'ಒಂದೇ ದ್ವೀಪ'ದ ನಿಯಮ ಸಡಿಲ. ಫ್ರಿಯೂಲ್‌ನಲ್ಲಿ ಬಿಳಿ ಸುಣ್ಣಕಲ್ಲು ಬಿಟ್ಟರೆ ನೆರಳೆಂಬುದು ಹೆಚ್ಚುಕಡಿಮೆ ಇಲ್ಲ. ನಡುಮಧ್ಯಾಹ್ನ ತಪ್ಪಿಸಿ.

ಮರಳುವಾಗ

ಕೊನೆಯ ದೋಣಿಯನ್ನು ನೆಚ್ಚಬೇಡಿ, ಅದರ ಹಿಂದಿನದಕ್ಕೆ ಹೋಗಿ. ಬೇಸಿಗೆಯಲ್ಲಿ ಎಲ್ಲರೂ ಕೊನೆಯದನ್ನೇ ಕಾಯುತ್ತಾರೆ, ಸಾಲು ಪೈನ್ ಮರಗಳವರೆಗೂ ಬೆಳೆಯುತ್ತದೆ. ಅರ್ಧ ಗಂಟೆ ಮೊದಲೇ ಧಕ್ಕೆಯಲ್ಲಿದ್ದರೆ ಮೇಲ್ಮಹಡಿಯಲ್ಲಿ ಜಾಗ ಸಿಗುತ್ತದೆ. ಸಾಂತ್ ಮಾರ್ಗರೀತ್‌ನಿಂದ ಕಾನ್ ಕಡೆಗೆ ಬರುವಾಗ ಎಡಬದಿಯಲ್ಲಿ ಕುಳಿತುಕೊಳ್ಳಿ. ಇಳಿಬಿಸಿಲಿಗೆ ಎಸ್ತೆರೆಲ್‌ನ ಕೆಂಪು ಬೆಟ್ಟಗಳು ಆ ಕಡೆಗೇ ಕಾಣುತ್ತವೆ.